ಹೊರಗಿನ ಚಿಲಕ: ತೆಂಗಿನ ಸೀಮೆಯ ಒಂದು ಪ್ರಕರಣ ಅಧ್ಯಯನ

ತುಮಕೂರು ಜಿಲ್ಲೆಯ ತೆಂಗಿನ ತಾಲ್ಲೂಕೊಂದರ ಸರ್ಕಾರಿ ಆಸ್ಪತ್ರೆಯಲ್ಲಿ ಮಂಗಳವಾರಗಳಂದು ನಡೆಯುವ ‘ಮನೋಚೈತನ್ಯ’ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ನಾನು ಸಮಾಜ ಕಾರ್ಯಕರ್ತೆ. 2018ರ ಆಷಾಢದಲ್ಲಿ ಅಲ್ಲಿಗೆ ಬಂದ ಒಬ್ಬ ಮಹಿಳೆಯ ಪ್ರಕರಣ ಇದು. ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಅವರೇ ಓದಿ ಎರಡು ಕಡೆ ತಿದ್ದಿದ್ದಾರೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬೇರೆ ಹೆಸರು ಇಡಲೇ ಎಂದು ಕೇಳಿದ್ದಕ್ಕೆ, “ನನಗಿರುವುದು ಒಂದೇ ಹೆಸರು. ಅದನ್ನು ಬರೆಯುವ ಹಾಗಿಲ್ಲ ಎಂದಮೇಲೆ ಖಾಲಿ ಬಿಡಿ” ಎಂದರು. ಹಾಗಾಗಿ ಇಲ್ಲಿ ಅವರು ಬರಿಯ ‘ಅವರು’.

ಬಂದ ದಿನ

ಅಣ್ಣ ಮುಂದೆ, ತಾಯಿ ಹಿಂದೆ, ನಡುವೆ ಅವರು. ವಯಸ್ಸು 33. ಪಿಯುಸಿ ಮುಗಿಸಿದ್ದರು. 2006ರಲ್ಲಿ ಮದುವೆ, 2009ರಲ್ಲಿ ಕಾಯಿಲೆ. ಮರುವರ್ಷ ದೀಪಾವಳಿಗೆಂದು ತವರಿಗೆ ಕರೆತಂದು ಬಿಟ್ಟುಹೋದ ಗಂಡನ ಮನೆಯವರು ಮತ್ತೆ ಬರಲಿಲ್ಲ. ಗಂಡ ಇನ್ನೊಂದು ಮದುವೆಯಾದ. ಮಾನಸಿಕ ಕಾಯಿಲೆಯ ಕಾರಣಕ್ಕೆ ವಿಚ್ಛೇದನ ಕೇಳಲು ಹಿಂದೂ ವಿವಾಹ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅದಕ್ಕೆ ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕು. ಆ ಶ್ರಮವನ್ನೂ ಗಂಡನ ಕಡೆಯವರು ತೆಗೆದುಕೊಳ್ಳಲಿಲ್ಲ. ಇದರ ಫಲವಾಗಿ ಈಕೆ ವಿಧವೆಯೂ ಅಲ್ಲ, ವಿಚ್ಛೇದಿತೆಯೂ ಅಲ್ಲ. ಆಧಾರ್‌ನಲ್ಲಿ ಗಂಡನ ಹೆಸರು, ಹೆಸರು ಉಳಿದದ್ದು ಗಂಡನ ಮನೆಯ ಪಡಿತರ ಚೀಟಿಯಲ್ಲಿ, ಊಟ ಅಣ್ಣನ ಮನೆಯಲ್ಲಿ.

ಕಿವಿಯಲ್ಲಿ ಎರಡು ಗಂಡು ದನಿ ಕೇಳಿಸುತ್ತಿದ್ದವು. ಒಂದು ಬೈಯುವುದು, ಇನ್ನೊಂದು ಅದಕ್ಕೆ ನಗುವುದು. ಗಾಳಿ ಸೋಕಿದೆ ಎಂದಿತು ಊರು. ತಾಯತ, ಹರಕೆ, ಗಾಣಗಾಪುರ, ಆಮೇಲೆ ಪಟ್ಟಣದ ಖಾಸಗಿ ವೈದ್ಯರು. ಅಣ್ಣ ಇದಕ್ಕಾಗಿ ಕರೆಯುವ ಹಸುವೊಂದನ್ನು ಮಾರಿದ್ದರು. ತೆಂಗಿನಕಾಯಿ ಇನ್ನೂ ಅಟ್ಟದಲ್ಲಿ ಕೊಬ್ಬರಿಯಾಗುತ್ತಿರುವಾಗಲೇ ವ್ಯಾಪಾರಿಯಿಂದ ಮುಂಗಡ ತಂದಿದ್ದರು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನದನ್ನು ಓದುವಾಗ ಅಣ್ಣನನ್ನು ಕೇಡಿಗನೆಂದು ತಿಳಿಯುವುದು ಸುಲಭ. ಆತ ಕೇಡಿಗನಲ್ಲ. ಕಾಯಿಲೆಯ ತಂಗಿಯನ್ನು ಬೀದಿಗೆ ಬಿಡದ ಮನುಷ್ಯ.

ಮನೋವೈದ್ಯರು ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಮಾನಸಿಕ ಕಾಯಿಲೆ) ಎಂದು ಗುರುತಿಸಿ ರಿಸ್ಪೆರಿಡೋನ್ ಮಾತ್ರೆ ಶುರು ಮಾಡಿದರು. ಕೇಸ್ ಹಾಳೆ ತುಂಬಿದವಳು ನಾನು. ನಾಲ್ಕು ಪುಟ. ‘ಮಾಹಿತಿದಾರರು’ ಎಂಬಲ್ಲಿ ‘ಅಣ್ಣ, ನಂಬಲರ್ಹ’ ಎಂದು ಬರೆದಿದ್ದೇನೆ. ವರ್ಷದ ನಂತರ ಆ ಹಾಳೆಯನ್ನು ತೆಗೆದು ನೋಡಿದಾಗ, ಅದರಲ್ಲಿ ಅವರ ಬಾಯಿಂದ ಬಂದ ಒಂದು ವಾಕ್ಯವೂ ಇರಲಿಲ್ಲ. ಹೆಸರು ಕೇಳಿದ್ದೆ, ಇವತ್ತು ಯಾವ ವಾರ ಎಂದು ಕೇಳಿದ್ದೆ. ಉಳಿದದ್ದನ್ನೆಲ್ಲ ಅವರ ಎದುರಿಗೇ ಅಣ್ಣನನ್ನು ಕೇಳಿದ್ದೆ: “ಇವಳು ಸರಿಯಾಗಿ ನಿದ್ದೆ ಮಾಡುತ್ತಾಳಾ?” ಈ ಪ್ರಕರಣದಲ್ಲಿ ಸಾಮಾಜಿಕ ಅಂಶ ಎಂದು ನಾನು ಪಟ್ಟಿ ಮಾಡಬೇಕಾದದ್ದರಲ್ಲಿ ನನ್ನ ಆ ಪ್ರಶ್ನೆಯೂ ಒಂದು.

ಸಾರಿನಲ್ಲಿ ಬೆರೆತದ್ದು

ಮೊದಲ ಮನೆಭೇಟಿಗೆ ಹೋದದ್ದು 2019ರ ಸಂಕ್ರಾಂತಿ ಕಳೆದ ಮೇಲೆ. ಅವರಿಗೆ ಕೊಟ್ಟಿದ್ದದ್ದು ಕೊಟ್ಟಿಗೆಗೆ ಅಂಟಿಕೊಂಡ ಹಿಂದಿನ ಕೋಣೆ. ಬೇರೆ ತಟ್ಟೆ, ಬೇರೆ ಲೋಟ. ಬಾಗಿಲಿಗೆ ಚಿಲಕ ಹೊರಗಿನಿಂದ. ನಾನು ಚಿಲಕವನ್ನು ನೋಡುತ್ತಿದ್ದುದನ್ನು ಕಂಡು ತಾಯಿಯೇ ಹೇಳಿದರು: “ರಾತ್ರಿ ಎದ್ದು ಹೊರಟುಬಿಟ್ಟರೆ? ಹೆಣ್ಣುಮಗಳು. ಏನಾದರೂ ಆಗಿಹೋದರೆ ನಾನು ಯಾರಿಗೆ ಉತ್ತರ ಹೇಳಲಮ್ಮ?” ಅದೇ ಕ್ಲಿನಿಕ್ಕಿಗೆ ಬರುವ, ಅದೇ ಕಾಯಿಲೆಯ ಗಂಡಸರು ಕೆಲವರು ರಾತ್ರಿಯೆಲ್ಲ ಊರು ಸುತ್ತುತ್ತಾರೆ. ಅವರ ಮನೆಯಲ್ಲಿ ಹೊರಗಿನ ಚಿಲಕವನ್ನು ನಾನು ಕಂಡಿಲ್ಲ. ಈ ಚಿಲಕ ಹಾಕಿದ್ದು ಕಾಯಿಲೆಗೆ ಅಲ್ಲ, ಹೆಣ್ಣಾಗಿರುವುದಕ್ಕೆ.

ಅವತ್ತು ಅಡುಗೆಮನೆಯಲ್ಲಿ ಅತ್ತಿಗೆ ನನಗೆ ಕಾಫಿ ಮಾಡುತ್ತ ತಗ್ಗಿದ ದನಿಯಲ್ಲಿ ಹೇಳಿದ ಮಾತು ಇಡೀ ಕೇಸನ್ನು ತಿರುಗಿಸಿತು. ಪಟ್ಟಣದ ವೈದ್ಯರ ಕಾಲದಿಂದಲೂ ಮಾತ್ರೆಯನ್ನು ಪುಡಿಮಾಡಿ ಸಾರಿಗೆ ಹಾಕುತ್ತಿದ್ದಾರೆ. ಕೈಗೆ ಕೊಟ್ಟರೆ ಉಗಿಯುತ್ತಾಳೆ, ಏನು ಮಾಡುವುದು ಎಂದರು.

ನಮ್ಮ ಹಾಳೆಯಲ್ಲಿ ಏನಿತ್ತು? ‘ಊಟದಲ್ಲಿ ಏನೋ ಬೆರೆಸುತ್ತಾರೆಂಬ ಭ್ರಮೆ. ಮನೆಯ ಅಡುಗೆ ತಿನ್ನಲು ನಿರಾಕರಣೆ.’ ಅವರು ತಿನ್ನುತ್ತಿದ್ದದ್ದು ತಾವೇ ಸುಲಿದ ಬಾಳೆಹಣ್ಣು, ತಾವೇ ಒಡೆದ ತೆಂಗಿನಕಾಯಿ. ಯಾರೂ ಏನೂ ಬೆರೆಸಲಾಗದ ತಿನಿಸುಗಳನ್ನು ಲೆಕ್ಕ ಹಾಕಿ ಆರಿಸಿಕೊಂಡಿದ್ದರು. ಸಾರಿಗೆ ಏನೋ ಹಾಕುತ್ತಾರೆ ಎಂದು ಅವರು ಹೇಳಿದ್ದು ನಿಜವಾಗಿತ್ತು. ಹಾಕುತ್ತಿದ್ದದ್ದು ವಿಷವಲ್ಲ, ಅಷ್ಟೇ. ವರ್ಷಗಟ್ಟಲೆ ಅವರು ನಿಜ ಹೇಳಿದಾಗಲೆಲ್ಲ ಮನೆಯವರು ಇಲ್ಲ ಎಂದರು, ವೈದ್ಯರು ಲಕ್ಷಣ ಎಂದರು, ನಾನು ಬರೆದುಕೊಂಡೆ. ತನ್ನ ಕಣ್ಣು, ನಾಲಿಗೆ ಹೇಳಿದ್ದನ್ನು ನಂಬುವಂತಿಲ್ಲ ಎಂದು ಒಬ್ಬ ಮನುಷ್ಯರಿಗೆ ಕಲಿಸಲು ಇದಕ್ಕಿಂತ ಗಟ್ಟಿಯಾದ ದಾರಿ ಇರಲಾರದು. ಇಂಥವರಿಗೆ ಆಮೇಲೆ ಆತ್ಮವಿಶ್ವಾಸದ ತರಬೇತಿ ಕೊಡಲು ಹೊರಡುತ್ತೇವೆ.

ಗುಟ್ಟಾಗಿ ಔಷಧಿ ಕೊಡುವುದು ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಉಂಟು. ಬೇರೆ ದಾರಿ ಕಾಣದೆ ಮಾಡುತ್ತಾರೆ ಎಂಬುದೂ ಗೊತ್ತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಕಾಯಿಲೆ ಇದೆ ಎಂದ ಮಾತ್ರಕ್ಕೆ ತನ್ನ ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಶಕ್ತಿ ಇಲ್ಲ ಎಂದು ಎಣಿಸುವಂತಿಲ್ಲ ಎನ್ನುತ್ತದೆ. ಬೇರೆಯವರ ಕಣ್ಣಿಗೆ ತಪ್ಪಾಗಿ ಕಂಡ ನಿರ್ಧಾರ ತೆಗೆದುಕೊಂಡರು ಎಂಬುದೂ ಆ ಶಕ್ತಿ ಇಲ್ಲ ಎನ್ನಲು ಸಾಲುವುದಿಲ್ಲ. ಕಾನೂನು ಬಂದು ಎಂಟು ತಿಂಗಳಾಗಿತ್ತು. ಅಡುಗೆಮನೆಯವರೆಗೆ ಬಂದಿರಲಿಲ್ಲ.

ವೈದ್ಯರ ಜೊತೆ ಮಾತಾಡಿ, ಅತ್ತಿಗೆಯನ್ನೂ ಕೂರಿಸಿಕೊಂಡು, ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆವು. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದರೆ ನಾನು ಹೇಳಿದ್ದು ಸರಿಯಾಗಿಯೇ ಇತ್ತು” ಎಂದರು. ಅತ್ತಿಗೆ ಅತ್ತರು. ಹನ್ನೊಂದು ದಿನ ಅವರು ಮಾತ್ರೆ ಮುಟ್ಟಲಿಲ್ಲ, ಮನೆಯಲ್ಲಿ ಎಲ್ಲರಿಗೂ ನನ್ನ ಮೇಲೆ ಸಿಟ್ಟು. ಹನ್ನೆರಡನೆಯ ದಿನ ತಾವೇ ಕೇಳಿ ತೆಗೆದುಕೊಂಡರು. ಅಂದಿನಿಂದ ಮಾತ್ರೆಯ ಪೊಟ್ಟಣ ಅವರ ಟ್ರಂಕಿನಲ್ಲಿ. ನುಂಗಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ.

ಇನ್ನೊಂದು ಸಂಗತಿಯೂ ಆಗಲೇ ಹೊರಬಿತ್ತು. ಕೆಲವು ತಿಂಗಳಿನಿಂದ ಅವರಿಗೆ ಮುಟ್ಟು ನಿಂತಿತ್ತು. ರಿಸ್ಪೆರಿಡೋನ್‌ನಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಹೀಗಾಗುವುದು ಹೊಸದೇನಲ್ಲ, ಔಷಧಿ ಬದಲಿಸಬಹುದು, ಬದಲಿಸಿದರು. ಆದರೆ ಗಂಡಸು ವೈದ್ಯರ ಮುಂದೆ, ಅಣ್ಣ ಪಕ್ಕದಲ್ಲಿ ನಿಂತಿರುವಾಗ, ಯಾವ ಹೆಣ್ಣುಮಗಳು ಈ ಮಾತು ಆಡಿಯಾಳು? ಆಶಾ ಕಾರ್ಯಕರ್ತೆಗೆ ಹೇಳಿದ್ದರು. ಬಸುರಾಗುವ ಕಾಲ ಮುಗಿದೇಹೋಯಿತೆಂದು ಒಬ್ಬರೇ ದುಃಖಪಟ್ಟಿದ್ದರು.

ಚೀಟಿಯಲ್ಲಿ ಹೆಸರು

2020ರ ಲಾಕ್‌ಡೌನ್‌ನಲ್ಲಿ ಬಸ್ಸು ನಿಂತವು, ಮಾತ್ರೆ ಮುಗಿಯಿತು, ದನಿಗಳು ಮರಳಿದವು. ಚಿಲಕವೂ ಮರಳಿತು. ಆಶಾ ಕಾರ್ಯಕರ್ತೆ ತಾಲ್ಲೂಕು ಆಸ್ಪತ್ರೆಯಿಂದ ಮಾತ್ರೆ ತರಿಸಿಕೊಟ್ಟ ಮೇಲೆ ಆರೇಳು ವಾರಗಳಲ್ಲಿ ಸುಧಾರಿಸಿದರು. ಹೆಚ್ಚು ಬರೆಯುವುದಿಲ್ಲ. ಕಾಯಿಲೆ ಮರುಕಳಿಸುವುದು ಈ ಕಾಯಿಲೆಯ ಸ್ವಭಾವ, ಮಾತ್ರೆ ತಪ್ಪುವುದು ಅದಕ್ಕೆ ದೊಡ್ಡ ಕಾರಣ.

ಬರೆಯಬೇಕಾದದ್ದು ಹಸುವಿನ ವಿಷಯ. 2021ರಲ್ಲಿ ಪಕ್ಕದ ಮನೆಯ ಹಿರಿಯ ಮಹಿಳೆಯೊಬ್ಬರು ಇವರನ್ನು ತಮ್ಮ ಸ್ತ್ರೀಶಕ್ತಿ ಸಂಘಕ್ಕೆ ಸೇರಿಸಲು ಹೊರಟರು. ಸಂಘದಲ್ಲಿ ತಕರಾರು ಬಂತು: ತಲೆ ಸರಿ ಇಲ್ಲದವಳ ಸಾಲಕ್ಕೆ ಹೊಣೆ ಯಾರು? ಆ ತಕರಾರನ್ನು ನಾನು ಬರಿಯ ಕಳಂಕ ಎಂದು ತಳ್ಳಿಹಾಕಲಾರೆ. ಒಬ್ಬರು ಕಟ್ಟದಿದ್ದರೆ ಉಳಿದವರೆಲ್ಲ ಕಟ್ಟಬೇಕು, ಅವರೂ ಕೂಲಿಯ ಹೆಂಗಸರೇ. ನೆರೆಮನೆಯಾಕೆ, “ಅವಳು ಕಟ್ಟದಿದ್ದರೆ ನನ್ನ ಲೆಕ್ಕಕ್ಕೆ ಬರೆಯಿರಿ” ಎಂದರು. ನನ್ನ ಮೂರು ವರ್ಷದ ಆಪ್ತಸಮಾಲೋಚನೆಗಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತು.

ಸಾಲದಿಂದ ಒಂದು ಹಸು ಬಂತು. ಹಾಲನ್ನು ಅಣ್ಣನ ಹೆಸರಿನಲ್ಲೇ ಡೈರಿಗೆ ಹಾಕಿದರೆ ಸಾಲದೇ ಎಂದು ಮನೆಯಲ್ಲಿ ಕೇಳಿದರು. ಸಾಲದು. ಹಾಲು ಉತ್ಪಾದಕರ ಸಂಘದ ಸದಸ್ಯತ್ವ ಯಾರ ಹೆಸರಿನಲ್ಲಿದೆಯೋ ಬಟವಾಡೆ ಅವರಿಗೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬೀಳುವುದೂ ಅವರ ಬ್ಯಾಂಕ್ ಖಾತೆಗೆ. ಇವರಿಗೆ ಖಾತೆಯೇ ಇರಲಿಲ್ಲ. ಖಾತೆ ತೆರೆಯಲು ಹೋದಾಗ ಗುಮಾಸ್ತರು ಅಣ್ಣನ ಕಡೆ ತಿರುಗಿ, “ಇವರಿಗೆ ಸಹಿ ಬರುತ್ತದೆಯೇ?” ಎಂದರು. ಇವರು ಪೆನ್ನು ತೆಗೆದುಕೊಂಡು ಮೊದಲು ಕನ್ನಡದಲ್ಲಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಸಹಿ ಮಾಡಿದರು. ಒಂದೇ ಸಾಕು ಎಂದು ಗುಮಾಸ್ತರು ಇನ್ನೊಂದು ಅರ್ಜಿ ಕೊಡಬೇಕಾಯಿತು.

ಡೈರಿಯಲ್ಲಿ ನಡೆದದ್ದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ವಾರಗಳಲ್ಲಿ ಕಾರ್ಯದರ್ಶಿ, “ಏ, ಕ್ಯಾನು ಇಲ್ಲಿ ಇಡು” ಎನ್ನುತ್ತಿದ್ದ. ಔಷಧಿಯಿಂದ ಕೈ ನಡುಗಿ ಹಾಲು ಚೆಲ್ಲಿದರೆ ಹಿಂದೆ ನಿಂತವರು ನಗುತ್ತಿದ್ದರು. ಕೊಬ್ಬಿನಂಶ ಅಳೆದು ಚೀಟಿಯಲ್ಲಿ ಹೆಸರು ಬರೆಯುತ್ತ, ದಿನಕ್ಕೆ ಎರಡು ಹೊತ್ತು, ಆರು ತಿಂಗಳು. ಒಂದು ದಿನ ನಾನು ಅಲ್ಲಿದ್ದಾಗ, “ಅಕ್ಕಾ, ಇವತ್ತು ಫ್ಯಾಟ್ ಚೆನ್ನಾಗಿ ಬಂದಿದೆ ನೋಡಿ” ಎಂದ. ಹತ್ತು ವರ್ಷ ಅವರನ್ನು ಊರು ಏಕವಚನದಲ್ಲಿ ಕರೆದಿತ್ತು, ಮಕ್ಕಳು ಸಹ. ನಮ್ಮ ಕ್ಲಿನಿಕ್ಕಿನಲ್ಲೂ ಅಷ್ಟೇ. ಗಮನಿಸಿ ನೋಡಿದರೆ, ಸಕ್ಕರೆ ಕಾಯಿಲೆಯವರಿಗೆ ‘ಬನ್ನಿ’ ಎನ್ನುವ ಸಿಬ್ಬಂದಿಯೇ ಇವರ ಸಾಲಿಗೆ ‘ಬಾ’ ಎನ್ನುತ್ತಾರೆ. ಮುಂದಿನ ಮಂಗಳವಾರದಿಂದ ನಾವು ಎಲ್ಲರಿಗೂ ಬಹುವಚನ ಎಂದು ನಿಶ್ಚಯಿಸಿದೆವು.

ದನಿಗಳು ಪೂರ್ತಿ ಹೋಗಿಲ್ಲ ಎಂಬುದನ್ನೂ ಇಲ್ಲೇ ದಾಖಲಿಸಬೇಕು. ಹಾಲು ಕರೆಯುವಾಗ ಸುಮ್ಮನಿರುತ್ತವೆ, ಸಂಜೆ ಒಬ್ಬರೇ ಕೂತರೆ ಬರುತ್ತವೆ. ಅವರಿಗಿಂತ ಹೆಚ್ಚು ತೊಂದರೆಯಿರುವ ಒಬ್ಬ ಗಂಡಸು ನಮ್ಮಲ್ಲಿಗೆ ಬರುತ್ತಾರೆ. ಕೆಲವು ದಿನ ಮಾತೇ ಹೊಂದುವುದಿಲ್ಲ. ಆದರೆ ಎರಡು ಎಕರೆಯ ಪಹಣಿ ಅವರ ಹೆಸರಿನಲ್ಲಿದೆ. ಕಾಯಿ ಕೀಳಿಸುವ ಮುಂಚೆ ತಮ್ಮಂದಿರು ಬಂದು ಅವರನ್ನು ಕೇಳುತ್ತಾರೆ. ಲಕ್ಷಣಗಳು ಎಷ್ಟು ಇಳಿದವು ಎಂದು ಅಳೆಯುವ ಪಟ್ಟಿ ನಮ್ಮ ಬಳಿ ಇದೆ. ಮನೆಯಲ್ಲಿ ಯಾರನ್ನು ಕೇಳುತ್ತಾರೆ ಎಂಬುದಕ್ಕೂ ಆ ಅಂಕಕ್ಕೂ ಹೊಂದಿಕೆಯಾಗುವುದನ್ನು ನಾನು ಅಷ್ಟಾಗಿ ಕಂಡಿಲ್ಲ.

ಬೇಡ ಎಂದ ಕಾರ್ಡು

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇ 40 ಮತ್ತು ಮೇಲ್ಪಟ್ಟ ಅಂಗವೈಕಲ್ಯದ ಪ್ರಮಾಣಪತ್ರ, ಅಂದರೆ ಕಾರ್ಡು, ಇದ್ದರೆ ಮಾಸಾಶನ ಸಿಗುತ್ತದೆ. ಅಣ್ಣನಿಗೆ ಅದು ಬೇಕಿತ್ತು. ನನಗೂ ಬೇಕಿತ್ತು, ಅರ್ಜಿ ನಾನೇ ತುಂಬಿಸಿ ತಂದಿದ್ದೆ. ಅವರು ಓದಿ, ಮಡಚಿ ನನ್ನ ಕೈಗೇ ಕೊಟ್ಟರು. “ಇದರ ಮೇಲೆ ಏನೆಂದು ಬರೆದಿರುತ್ತದೆ ಮೇಡಂ? ಅಣ್ಣನ ಮಗಳಿಗೆ ನಾಳೆ ಗಂಡು ನೋಡುತ್ತಾರೆ.” ನಾನು ಮತ್ತೆ ಮತ್ತೆ ಒತ್ತಾಯಿಸಿದೆ. ಇದು ನಿಮ್ಮ ಹಕ್ಕು ಎಂದೆ. “ಹಕ್ಕು ಎಂದರೆ ಬೇಡ ಎನ್ನುವುದಕ್ಕೂ ಬರಬೇಕಲ್ಲ” ಎಂದರು.

ಅವರಿಗೆ ಆಗ ನಾನು ಹೇಳದಿದ್ದ ಇನ್ನೊಂದು ತೊಡಕಿದೆ. ಮಾನಸಿಕ ಅಂಗವೈಕಲ್ಯವನ್ನು ಅಳೆಯುವ ‘ಐಡಿಯಾಸ್’ ಮಾಪನದಲ್ಲಿ ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ, ಈ ನಾಲ್ಕಕ್ಕೆ ಅಂಕ. ಕಾಯಿಲೆಯ ಅವಧಿಗೂ ಅಂಕ. ಹಸು ಕಟ್ಟಿ ಡೈರಿಗೆ ಹೋಗುವವರ ಅಂಕ ಇಳಿಯುತ್ತದೆ, ಮರುಪರೀಕ್ಷೆಯಲ್ಲಿ ಶೇ 40ರ ಕೆಳಗೆ ಹೋದರೆ ಮಾಸಾಶನ ನಿಲ್ಲುತ್ತದೆ. ಒಂದು ಹಸುವಿನ ಹಾಲು ಒಂದು ಜೀವನಕ್ಕೆ ಸಾಕಾಗುವುದಿಲ್ಲ ಎಂಬುದು ಆ ಅಂಕಕ್ಕೆ ಗೊತ್ತಿಲ್ಲ. ಬಡವರಿಗೆ ಇದು ಕಷ್ಟದ ಲೆಕ್ಕ: ಗುಣವಾಗುತ್ತಿದ್ದೇನೆ ಎಂದು ತೋರಿಸಲು ಭಯಪಡುವ ಮನೆಗಳನ್ನು ಕಂಡಿದ್ದೇನೆ.

ಅವರಿಗೆ ನಿಜವಾಗಿ ಕೈಗೆ ಬಂದ ಸರ್ಕಾರಿ ಸವಲತ್ತು ಮಾನಸಿಕ ಆರೋಗ್ಯಕ್ಕೆ ಸಂಬಂಧವೇ ಇಲ್ಲದ್ದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲವಾಯಿತು. ಆಧಾರ್‌ನಂಥ ಗುರುತಿನ ಚೀಟಿ ತೋರಿಸಬೇಕಿತ್ತು. ಆಧಾರ್ ಅಣ್ಣನ ಬೀರುವಿನಲ್ಲಿತ್ತು. ಕೇಳಿ ಪಡೆದುಕೊಂಡರು, ಮರಳಿ ಕೊಡಲಿಲ್ಲ. ಜುಲೈನ ಮೊದಲ ಮಂಗಳವಾರ ಕ್ಲಿನಿಕ್ಕಿನ ಬಾಗಿಲಲ್ಲಿ ಒಬ್ಬರೇ ನಿಂತಿದ್ದರು. ಜೊತೆಗೆ ಯಾರು ಬಂದಿದ್ದಾರೆ ಎಂದು ಹಳೆಯ ಅಭ್ಯಾಸದಂತೆ ನರ್ಸ್ ಕೇಳಿದರು. “ನಾನು ಬಂದಿದ್ದೇನೆ” ಎಂದರು. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಗೃಹಲಕ್ಷ್ಮಿಯ 2,000 ರೂಪಾಯಿ ಮಾತ್ರ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವ ತಾಯಿಗೆ. ಗಂಡ ಬಿಟ್ಟವಳು ಯಾವ ಚೀಟಿಯಲ್ಲೂ ಯಜಮಾನಿ ಅಲ್ಲ.

ಹಸುವನ್ನು ಮಾರಬಾರದು

2022ರ ಚಳಿಗಾಲದಲ್ಲಿ ನಾನು ಅವರಿಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಎರಡು ಸಂಗತಿ ತಿಳಿಸಿದ್ದೆ. ಕಾಯಿಲೆ ಹೆಚ್ಚಾಗಿ ತನಗೆ ನಿರ್ಧರಿಸಲಾಗದ ಕಾಲಕ್ಕೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು ಎಂದು ಮುಂಗಡವಾಗಿ ಬರೆದಿಡಬಹುದು. ತನ್ನ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯನ್ನು ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿ ಹೆಸರಿಸಬಹುದು. ಎರಡು ವಾರ ಬಿಟ್ಟು ನೋಟುಬುಕ್ಕಿನಿಂದ ಹರಿದ ಹಾಳೆ ತಂದರು. ಅವರ ಅಕ್ಷರದಲ್ಲಿ ಹೀಗಿತ್ತು: ‘ಚಿಲಕ ಹೊರಗಿನಿಂದ ಹಾಕಬಾರದು. ಅತ್ತಿಗೆ ಅಥವಾ ಅಮ್ಮ ಕೋಣೆಯಲ್ಲಿ ಮಲಗಿಕೊಳ್ಳಲಿ. ಊಟದಲ್ಲಿ ಮಾತ್ರೆ ಬೆರೆಸಬಾರದು. ಬೇಕಾದರೆ ಇಂಜೆಕ್ಷನ್ ಕೊಡಲಿ, ಹೇಳಿ ಕೊಡಲಿ. ಯಾರೂ ನನ್ನ ಎದುರಿಗೆ ನನ್ನ ವಿಷಯ ಇನ್ನೊಬ್ಬರ ಹತ್ತಿರ ಮಾತಾಡಬಾರದು. ಹಸುವನ್ನು ಮಾರಬಾರದು.’

ಕಾಯ್ದೆಯ ಮುಂಗಡ ನಿರ್ದೇಶನ ಚಿಕಿತ್ಸೆ, ಆರೈಕೆಗೆ ಮೀಸಲು. ಹಸುವಿಗೆ ಅದರಲ್ಲಿ ಜಾಗವಿಲ್ಲ. ನಾನು ಕಡತದಲ್ಲಿ ಆ ಹಾಳೆಯನ್ನು ಇದ್ದಂತೆಯೇ ಇಟ್ಟಿದ್ದೇನೆ.

ಪ್ರತಿನಿಧಿಯಾಗಿ ಅಣ್ಣನನ್ನು ಬರೆದಿರಲಿಲ್ಲ, ನೆರೆಮನೆಯಾಕೆಯನ್ನು ಬರೆದಿದ್ದರು. ಅಣ್ಣನಿಗೆ ತಿಳಿದ ಸಂಜೆ ಆತ ನನ್ನನ್ನು ಜಗಲಿಯ ಮೇಲೆ ಕೂರಿಸಿ, “ಹನ್ನೆರಡು ವರ್ಷ ನೋಡಿಕೊಂಡವನು ನಾನಲ್ಲವೇ ಮೇಡಂ?” ಎಂದರು. ಕಣ್ಣು ತುಂಬಿತ್ತು. ನನ್ನ ಬಳಿ ಉತ್ತರವಿರಲಿಲ್ಲ. ನೋಡಿಕೊಂಡವರಿಗೆ ನಮ್ಮ ಆಸ್ಪತ್ರೆಯಲ್ಲಿ ಒಂದು ಕುರ್ಚಿಯನ್ನೂ ಹಾಕಿಲ್ಲ. ಆತನ ಸಾಲ, ಆತನ ನಿದ್ದೆ, ಮಗಳ ಮದುವೆಯ ಚಿಂತೆ ನಮ್ಮ ಯಾವ ಹಾಳೆಯಲ್ಲೂ ಇಲ್ಲ. ಅಂದಿನಿಂದ ತಿಂಗಳಿಗೊಮ್ಮೆ ಆತನ ಜೊತೆ ಬೇರೆಯಾಗಿ ಕೂರುತ್ತೇನೆ. ತಂಗಿಯ ಮಾತನ್ನು ಅಲ್ಲಿ ತೆಗೆಯುವುದಿಲ್ಲ. ಕೋಣೆಯ ಬಾಗಿಲಿಗೆ ಈಗ ಒಳಗೊಂದು ಚಿಲಕ ಇದೆ, ಬಡಗಿಯನ್ನು ಕರೆಸಿದ್ದು ಅಣ್ಣನೇ. ಹೊರಗಿನದನ್ನು ಕಿತ್ತಿಲ್ಲ.

ಈಗ

ಕೇಸಿನಲ್ಲಿ ಬಗೆಹರಿಯದೆ ಉಳಿದಿರುವುದು ಜಮೀನು. ತಂದೆ 2011ರಲ್ಲಿ ತೀರಿಕೊಂಡರು. 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಇಲ್ಲಿ 2012ರಲ್ಲಿ, ಅವರ ಕಾಯಿಲೆ ತೀರ ಜೋರಾಗಿದ್ದ ವರ್ಷ, ಒಂದು ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಿದೆ. ಅವರಿಗೆ ನೆನಪಿರುವುದು ಕಚೇರಿಯ ಬೆಂಚು, ಅಣ್ಣ ಕೊಡಿಸಿದ ಎಳನೀರು, ಎಡಗೈ ಹೆಬ್ಬೆರಳಿನ ಶಾಯಿ. ಚಿತ್ತಸ್ವಾಸ್ಥ್ಯ ಇಲ್ಲದಾಗ ಮಾಡಿದ ಕರಾರು ನಿಲ್ಲುವುದಿಲ್ಲ ಎಂದು 1872ರ ಕರಾರು ಕಾಯ್ದೆ ಹೇಳುತ್ತದೆ. ಅದನ್ನು ಸಾಬೀತು ಮಾಡಲು ತಾನು ಆಗ ಹೇಗಿದ್ದೆ ಎಂದು ನ್ಯಾಯಾಲಯದಲ್ಲಿ ಹೇಳಬೇಕು, ಹೇಳಿದರೆ ಊರಿಗೆಲ್ಲ ತಿಳಿಯುತ್ತದೆ, ತಿಳಿದರೆ ಅಣ್ಣನ ಮಗಳ ಸಂಬಂಧ. ಕಾರ್ಡು ಬೇಡ ಎಂದಾಗ ಯಾವ ಕಾರಣ ಕೊಟ್ಟಿದ್ದರೋ ಅದೇ ಕಾರಣ ಇಲ್ಲಿಯೂ ಎದುರಿಗೆ ನಿಂತಿದೆ.

ಮೊನ್ನೆಯ ಮಂಗಳವಾರ ಮಾತ್ರೆ ತೆಗೆದುಕೊಂಡ ಮೇಲೆ ಹೊರಡದೆ ನಿಂತರು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ವಕೀಲರನ್ನು ಹಣವಿಲ್ಲದೆ ಕೊಡುತ್ತಾರೆ ಎಂದು ಸಂಘದಲ್ಲಿ ಯಾರೋ ಹೇಳಿದರಂತೆ, ನಿಜವೇ ಎಂದರು. ನಿಜ ಎಂದೆ. ಪತ್ರದ ದೃಢೀಕೃತ ನಕಲು ತೆಗೆಸಲು ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಿದ್ದಾರೆ, ಬಟವಾಡೆಯ ಹಣದಿಂದ. ಅಣ್ಣನಿಗೆ ಹೇಳಿದ್ದೀರಾ ಎಂದು ಕೇಳಿದೆ.

“ಮೊದಲು ಓದುತ್ತೇನೆ. ಆಮೇಲೆ ಹೇಳಬೇಕೋ ಬೇಡವೋ ನೋಡುತ್ತೇನೆ” ಎಂದು ಹೇಳಿ, ಹಾಲು ಕರೆಯುವ ಹೊತ್ತಾಯಿತೆಂದು ಮೂರು ಗಂಟೆಯ ಬಸ್ಸಿಗೆ ಹೊರಟರು.